ಪಲ್ಲಕ್ಕಿಯೊಳಗಿನ ಅತ್ತೆ

ಜನವರಿ ೮, ೨೦೨೫

ಮೊಣಕಾಲಿನ ವ್ಯಾಯಾಮ ಮಾಡಿಸಲು ಬರುವ ಉಮಾಶ್ರೀ ಎಂಬ ಹುಡುಗಿ ಈ ವಹಿ ಕೊಟ್ಟು ಹೋಗಿದ್ದಾಳೆ. ದಿನಾ ಎಷ್ಟು ಕಾಲು ಮಡಚಿದೆ, ಎಷ್ಟು ನೋವಾಯಿತು, ಎಲ್ಲಿಯವರೆಗೆ ನಡೆದೆ, ಎಲ್ಲ ಬರೆದಿಡಬೇಕಂತೆ. "ದಾಕ್ಷಾಯಣಿ ಆಂಟಿ, ಬರೀಲಿಲ್ಲಂದ್ರ ನಂಗ ಗೊತ್ತಾಗ್ತೈತಿ ನೋಡ್ರಿ" ಎಂದು ಬೆರಳು ಆಡಿಸಿ ಹೆದರಿಸಿದಳು. ನನಗೊಬ್ಬ ಮಗಳಿದ್ದಿದ್ದರೆ ಇವಳ ವಯಸ್ಸಾಗಿರುತ್ತಿತ್ತು.

ಸರಿ, ಬರೆಯುತ್ತೇನೆ. ಮಡಚಲಿಲ್ಲ. ನೋವಾಯಿತು. ನಡೆಯಲಿಲ್ಲ. ಮುಗಿಯಿತು. ಉಳಿದ ಜಾಗವೆಲ್ಲ ನನ್ನದು, ಅವಳಿಗೆ ಇದನ್ನು ತೋರಿಸುವ ಮಾತೇ ಇಲ್ಲ.

ಹುಬ್ಬಳ್ಳಿಯಲ್ಲಿ ಆಪರೇಶನ್ ಮುಗಿಸಿ ದಾಂಡೇಲಿಯ ಅಂಬೇವಾಡಿಯ ಮನೆಗೆ ಬಂದ ಮೇಲೆ ನನ್ನ ಮಂಚವನ್ನು ಪಡಸಾಲೆಯಲ್ಲಿ ಹಾಕಿದ್ದಾರೆ. ಇಲ್ಲಿಂದ ಇಡೀ ಮನೆ ಕಾಣುತ್ತದೆ. ಅದಕ್ಕೇ ಇಡೀ ಮನೆಯ ಮೇಲೆ ಸಿಟ್ಟು ಬರುತ್ತದೆ. ನಮ್ಮ ಯಜಮಾನರು ಪೇಪರ್ ಮಿಲ್ಲಿನ ಬಾಯ್ಲರ್ ಹತ್ತಿರ ದುಡಿದು ರಿಟೈರ್ ಆದವರು. ಈಗ ಕುಕ್ಕರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಪ್ರತಿ ಸೀಟಿಯನ್ನೂ ಗಟ್ಟಿಯಾಗಿ ಎಣಿಸಿ ಹೇಳುತ್ತಾರೆ. ಮಗ ಲೋಕೇಶ ಪ್ರವಾಸಿಗರನ್ನು ಜೀಪಿನಲ್ಲಿ ಕಾಡಿಗೆ ಕರೆದೊಯ್ಯುವವನು. ಬೆಳಕು ಹರಿಯುವ ಮೊದಲೇ ಹೋಗಿಬಿಡುತ್ತಾನೆ.

ಇನ್ನು ಸೊಸೆ. ಜೋಯಿಡಾ ತಾಲೂಕಿನ ಕುಂಬಾರವಾಡದವಳು, ಮನೆಮಾತು ಕೊಂಕಣಿ. ಲೋಕೇಶ ತಾನೇ ನೋಡಿ, ತಾನೇ ಒಪ್ಪಿ, ಆಮೇಲೆ ನಮಗೆ ಹೇಳಿದ್ದು. ನನ್ನನ್ನು ನೋಡಿಕೊಳ್ಳಲೆಂದು ರೆಸಾರ್ಟಿನ ಕೆಲಸಕ್ಕೆ ರಜೆ ಹಾಕಿದ್ದಾಳೆ. ದಿನಕ್ಕೆ ಮೂರು ಮಾತು: "ಚಾ ಕೊಡ್ಲೆನ್ರಿ?" "ಗುಳಿಗಿ ತಗೋರಿ." "ಮಲಕೋರಿ." ಎಲ್ಲದಕ್ಕೂ ತೆಂಗಿನಕಾಯಿ ಹಾಕುತ್ತಾಳೆ, ಬದನೆಕಾಯಿ ಪಲ್ಯಕ್ಕೂ. ನಾನು ಏನೂ ಅನ್ನುವುದಿಲ್ಲ. ತಾಟನ್ನು ಸ್ವಲ್ಪ ಆಚೆ ಸರಿಸುತ್ತೇನೆ, ಅಷ್ಟೇ.

ಊರೆಲ್ಲ ಬಂದು ನೋಡಿ ಹೋಯಿತು. ಶಂಕ್ರೆವ್ವ ಬರಲಿಲ್ಲ. ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಹಚ್ಚಿ ಬಾಳಿದವರು ನಾವು. ಈಗ ಮಗನ ಜೊತೆ ಹಳಿಯಾಳದಲ್ಲಿದ್ದಾಳೆ. ಹಳಿಯಾಳವೇನು ಕಾಶಿಯೇ? ಒಂದು ಬಸ್ಸು. ಒಂದು ಫೋನೂ ಇಲ್ಲ. ಇರಲಿ.

ಜನವರಿ ೧೧

ಪಕ್ಕದ ಮನೆಯ ಗುರುಬಸಕ್ಕ ಬಂದಿದ್ದಳು. ನನಗಿಂತ ಹಿರಿಯಳು, ಕಿವಿ ಮಂದ, ಬಾಯಿ ಚುರುಕು.

"ನನ್ನ ತಂಗಿ ಬೀಗತಿಗೂ ಹಿಂಗ ಮೊಣಕಾಲ ಆಪರೇಶನ್ ಆಗಿತ್ತವಾ" ಎಂದಳು.

"ಈಗ ನಡದಾಡ್ತಾಳೇನು?"

"ಎಲ್ಲೀದು! ಹೋದ್ಲು."

"ಕಾಲಿಂದನ?"

"ಕಾಲಿಗೇ. ಹೊಲದಾಗ ಹಾವು ಕಡೀತು. ಆಪರೇಶನ್ ಮಾಡಿದ್ದ ಕಾಲು ಅಲ್ಲ, ಇನ್ನೊಂದು."

ಬಟ್ಟಲಿನಲ್ಲಿದ್ದ ಸೇಬುಹಣ್ಣೆಲ್ಲ ಅವಳೇ ತಿಂದು, "ನೀ ಏನೂ ತಿನ್ನೂದಿಲ್ಲ, ಅದಕ್ಕ ಶಕ್ತಿ ಬರವಲ್ದು" ಎಂದು ಬೈದು ಹೋದಳು.

ಉಮಾಶ್ರೀ ಕಾಲು ಮಡಚಿಸಲು ಬಂದಾಗ ನಾನು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದೆ.

ಜನವರಿ ೧೫

ಸಂಕ್ರಾಂತಿ ಮುಗಿಯಿತು. ನಾನು ಕೂತು ಸ್ನಾನ ಮಾಡಲೆಂದು ಎತ್ತರದ ಸ್ಟೂಲು ಹುಡುಕಲು ಲೋಕೇಶ ಅಟ್ಟ ಹತ್ತಿದ. ಸ್ಟೂಲು ಸಿಗಲಿಲ್ಲ. ಸಿಕ್ಕಿದ್ದು ಒಂದು ರಟ್ಟಿನ ಡಬ್ಬಿ.

"ಅವ್ವಾ! ನೋಡಿಲ್ಲಿ! ನನ್ನ ವಿಡಿಯೋ ಗೇಮು!"

ಐದನೇ ಇಯತ್ತೆಯಲ್ಲಿದ್ದಾಗ ಮೂರು ದಿನ ಊಟ ಬಿಟ್ಟು ಅಪ್ಪನಿಂದ ಕೊಡಿಸಿಕೊಂಡಿದ್ದು. ಎರಡು ರಿಮೋಟು, ಒಂದು ಚೀಲದ ತುಂಬ ಕ್ಯಾಸೆಟ್ಟು. ಮೂವತ್ತೈದು ವರ್ಷದ ಗಂಡಸು ಅಟ್ಟದ ಧೂಳನ್ನು ಮೈತುಂಬ ಬಳಿದುಕೊಂಡು ಕುಣಿಯತೊಡಗಿದ.

ನಮ್ಮ ಗೋಡೆಯ ಮೇಲಿನ ಹೊಸ ಟಿವಿಗೆ ಆ ಹಳೇ ವೈರು ಹಾಕುವ ತೂತೇ ಇಲ್ಲ. ಗುರುಬಸಕ್ಕನ ಮನೆಯಲ್ಲಿ ಒಂದು ಡಬ್ಬಾ ಟಿವಿ ಇದೆ. ಅದರ ಮೇಲೆ ಅವಳು ಉಪ್ಪಿನಕಾಯಿಯ ಭರಣಿ ಇಡುತ್ತಾಳೆ. ಕೇಳಿದ್ದಕ್ಕೆ, "ಟಿವಿ ಬಂದ್ರ ನಾನೂ ಬರಾಕಿ" ಎಂದಳು. ಟಿವಿ ಬಂತು, ಹಿಂದೆ ಅವಳು ಬಂದಳು, ಅವಳ ಹಿಂದೆ ಭರಣಿ ಕೂಡ ಬಂತು.

ಸಂಜೆಯಿಡೀ ಅಪ್ಪ ಮಗ ಬಂದೂಕಿನ ಆಟ ಆಡಿದರು. ನಮ್ಮ ಯಜಮಾನರು ಆಟ ಶುರುವಾದ ಕೂಡಲೇ ಸಾಯುತ್ತಿದ್ದರು. ಪ್ರತಿ ಸಲವೂ ರಿಮೋಟಿನದೇ ತಪ್ಪು. ನಡುವೆ ಲೋಕೇಶ ಹೆಸರಿನ ಚೀಟಿ ಕಿತ್ತುಹೋದ ಒಂದು ಕ್ಯಾಸೆಟ್ಟು ಹಾಕಿದ. ಪರದೆಯ ಮೇಲೆ ಇಬ್ಬರು ಕುಳ್ಳರು, ಅವರ ಹೆಗಲ ಮೇಲೆ ಒಂದು ಪಲ್ಲಕ್ಕಿ, ಪಲ್ಲಕ್ಕಿಯಿಂದ ಹೊರಗೆ ತಲೆ ಹಾಕಿದ ಒಬ್ಬ ಮುದುಕಿ.

"ಅಯ್ಯ, ಇದಾ! ಇದನ್ನ ಯಾರೂ ಆಡ್ತಿರಲಿಲ್ಲ" ಎಂದ ಲೋಕೇಶ. "ಬಂದೂಕಿಲ್ಲ, ಕಾರಿಲ್ಲ. ಬರೇ ನಡಿಯೂದು. ಅದೂ ಇಬ್ರೂ ಕೂಡಿ."

ತೆಗೆದು ಆಚೆ ಒಗೆದ. ಗುರುಬಸಕ್ಕ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ಜನವರಿ ೧೬

ಈ ಮನೆಯ ಗಂಡಸರಿಗೆ ಇವತ್ತಿಗೂ ಗೊತ್ತಿಲ್ಲದ ಒಂದು ಸಂಗತಿ ಬರೆಯುತ್ತೇನೆ.

ಆಗ ನಾವು ಕ್ವಾರ್ಟರ್ಸಿನಲ್ಲಿದ್ದೆವು. ಬೆಳಗ್ಗೆ ಗಂಡಂದಿರು ಮಿಲ್ಲಿಗೆ, ಮಕ್ಕಳು ಶಾಲೆಗೆ. ನಾನು, ಶಂಕ್ರೆವ್ವ, ಆಗಲೂ ನೆರೆಯವಳೇ ಆಗಿದ್ದ ಗುರುಬಸಕ್ಕ ಅಡುಗೆ ಮುಗಿಸಿ ನಮ್ಮ ಮನೆಯಲ್ಲಿ ಸೇರುತ್ತಿದ್ದೆವು. ಹೆಸರಿಗೆ ಶಾವಿಗೆ ಹೊಸೆಯುವುದು. ಆಡುತ್ತಿದ್ದುದು ಈ ಆಟ. ಹುಡುಗರು ಮುಟ್ಟದ ಕ್ಯಾಸೆಟ್ಟು ಇದೊಂದೇ, ಜಾಗ ಬದಲಾದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರದೆಯ ಮೇಲಿನ ಅಕ್ಷರ ಚೀನಾದ್ದೋ ಜಪಾನಿನದೋ, ಆಟದ ನಿಜವಾದ ಹೆಸರು ನಮಗೆ ತಿಳಿಯದು. ನಾವು ಪಲ್ಲಕ್ಕಿ ಆಟ ಎನ್ನುತ್ತಿದ್ದೆವು. ಮುಂದಿನವನನ್ನು ಒಬ್ಬರು, ಹಿಂದಿನವನನ್ನು ಒಬ್ಬರು ನಡೆಸಬೇಕು. ಹೆಜ್ಜೆ ಕೂಡದಿದ್ದರೆ ಪಲ್ಲಕ್ಕಿ ತೂಗಾಡುತ್ತದೆ. ಮುದುಕಿ ಮುಷ್ಟಿ ತೋರಿಸಿ ಬೈಯುತ್ತಾಳೆ. ಇನ್ನೂ ತೂಗಾಡಿದರೆ ಕೆಳಗೆ ಬೀಳುತ್ತಾಳೆ. ಮತ್ತೆ ಮೊದಲಿನಿಂದ.

ಆ ಮುದುಕಿಗೆ ನಾವಿಟ್ಟ ಹೆಸರು ಅತ್ತೆ. ಮೂವರ ಮನೆಯಲ್ಲೂ ಒಳಗಿನ ಕೋಣೆಯಲ್ಲಿ ಒಬ್ಬೊಬ್ಬರು ಮಲಗಿರುತ್ತಿದ್ದರಲ್ಲ! ಒಮ್ಮೊಮ್ಮೆ ಬೇಕೆಂದೇ ಹೊಳೆಗೆ ಬೀಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಇವತ್ತು ಮಧ್ಯಾಹ್ನ ಮನೆಯಲ್ಲಿ ನಾನು, ಸೊಸೆ ಇಬ್ಬರೇ. ಟಿವಿ ಎದುರಿಗೇ ಇತ್ತು. ತಡೆಯಲಾಗಲಿಲ್ಲ.

"ಆ ಚೀಟಿ ಇಲ್ಲದ ಕ್ಯಾಸೆಟ್ಟು ಹಾಕು" ಎಂದೆ.

ಅವಳು ಹಾಕಿದಳು. ಸಂಗೀತ ಬಂತು, ಕೊಳಲಿನಂಥದ್ದು. ನಾನು ಬೆಚ್ಚಿಬಿದ್ದೆ. ಅಷ್ಟು ವರ್ಷ ಆಡಿದ್ದೇನೆ, ಈ ಆಟಕ್ಕೆ ಸಂಗೀತವಿದೆ ಎಂದು ಗೊತ್ತೇ ಇರಲಿಲ್ಲ. ಅತ್ತೆಯಂದಿರು ಏಳಬಾರದೆಂದು ದನಿ ಪೂರ್ತಿ ಇಳಿಸಿಯೇ ಆಡುತ್ತಿದ್ದೆವು.

ಎರಡನೇ ರಿಮೋಟು ಅವಳಿಗೆ ಕೊಟ್ಟೆ. ಮೊದಲ ಗದ್ದೆಯ ಬದುವಿನ ಮೇಲೆಯೇ ಮುದುಕಿ ಕೆಸರಿಗೆ ಬಿದ್ದಳು. ಸೊಸೆ ಕಿಸಕ್ಕೆಂದು ನಕ್ಕಳು. ಮದುವೆಯಾಗಿ ಬಂದ ಮೇಲೆ ನನ್ನೆದುರು ನಕ್ಕಿದ್ದು ಇದೇ ಮೊದಲಿರಬೇಕು.

"ಅತ್ತಿ, ಈ ಮುದುಕಿ ಯಾರ್ರಿ?"

"ಯಾರೋ ಒಬ್ಬಾಕಿ" ಎಂದೆ.

ಜನವರಿ ೧೯

ಗುರುಬಸಕ್ಕ ಬಾಯಿ ಬಿಟ್ಟಳು. ಆಟ ನೋಡುತ್ತ ನೋಡುತ್ತ, "ಹಿಡೀರವಾ, ಹಿಡೀರಿ, ಅತ್ತಿ ಬಿದ್ಲು!" ಎಂದು ಕೂಗಿದಳು. ಮಂದ ಕಿವಿಯವರ ದನಿ ಬೀದಿಗೆ ಕೇಳುತ್ತದೆ.

ಸೊಸೆ ನನ್ನ ಕಡೆ ತಿರುಗಿದಳು. ನಾನು ಮೊಣಕಾಲು ತಿಕ್ಕಿಕೊಂಡೆ. ಮುಂದಿನ ಸಲ ಹೊಳೆಯ ನಡುವೆ ಎಲ್ಲ ಸರಿಯಾಗಿ ಸಾಗುತ್ತಿದ್ದಾಗ, ಅವಳು ನಡೆಸುತ್ತಿದ್ದ ಮುಂದಿನ ಕುಳ್ಳ ಸುಮ್ಮನೆ ನಿಂತುಬಿಟ್ಟ. ಅತ್ತೆ ಗುಳುಂ.

"ಕೈ ಜಾರಿತ್ರೀ ಅತ್ತಿ" ಎಂದಳು, ಮುಖ ಗಂಭೀರ ಮಾಡಿಕೊಂಡು.

ಎಂಥ ಖದೀಮಳು!

ಜನವರಿ ೨೪

ಐದು ದಿನ ಬರೆಯಲು ಪುರಸೊತ್ತಾಗಲಿಲ್ಲ. ನಮ್ಮ ಪಲ್ಲಕ್ಕಿ ಗದ್ದೆ ದಾಟಿತು, ಹೊಳೆ ದಾಟಿತು, ಸಂತೆ ದಾಟಿತು. ಸೊಸೆ ಸುಮಿತಾ ಬೇಗ ಕಲಿತಳು. ಆದರೆ ಗಾಬರಿಯಾದರೆ ಕನ್ನಡ ಮರೆತು ಹೋಗುತ್ತದೆ, "ರಾಬ್, ರಾಬ್!" ಎನ್ನುತ್ತಾಳೆ. ನಿಲ್ಲು ಅಂತ. ಮೊದಲ ಸಲ ನನಗೆ ಅರ್ಥವಾಗದೆ ಅತ್ತೆಯನ್ನು ಎಮ್ಮೆಯ ಮೇಲೆ ಕೆಡವಿದೆ. ಈಗ ಗುರುಬಸಕ್ಕ ಕೂಡ "ರಾಬವಾ, ರಾಬ್" ಎನ್ನುತ್ತಾಳೆ. ಕ್ಯಾಸೆಟ್ಟು ತಕರಾರು ಮಾಡಿದರೆ ಅದನ್ನು ಊದುವುದು ಅವಳ ಕೆಲಸ. ಸೌದೆ ಒಲೆ ಊದಿ ಬೆಳೆದ ಉಸಿರು ಅದು, ಒಂದೇ ಊದಿಗೆ ಆಟ ಹತ್ತಿಕೊಳ್ಳುತ್ತದೆ.

ಈಗ ಕೋತಿಗಳ ಸೇತುವೆಯಲ್ಲಿ ಸಿಕ್ಕಿಬಿದ್ದಿದ್ದೇವೆ. ಹಗ್ಗದ ಸೇತುವೆ. ಎರಡೂ ಕಡೆ ಕೋತಿಗಳು ಕೂತು ಜಗ್ಗಾಡುತ್ತವೆ. ಆಗಿನ ಕಾಲದಲ್ಲಿ ಇದನ್ನು ದಾಟಿಸುತ್ತಿದ್ದವಳು ಶಂಕ್ರೆವ್ವ. ಮುಂದಿನ ಕುಳ್ಳ ಯಾವಾಗಲೂ ಅವಳದೇ. ಎಲ್ಲಿಯೋ ನಿಂತು, ಏನೋ ಬಗ್ಗಿಸಿ, ಕೋತಿಗಳನ್ನು ಯಾಮಾರಿಸುತ್ತಿದ್ದಳು. ನಾನು ಹಿಂದೆ, ಅವಳು ಹೇಳಿದಂತೆ ಕೇಳುತ್ತಿದ್ದೆ. ಸೇತುವೆಯ ಆಚೆ ಒಂದು ದೊಡ್ಡ ಗುಡ್ಡ, ಮೆಟ್ಟಿಲು. ಅದರ ಆಚೆ ಏನಿದೆಯೋ ನಾವು ಯಾರೂ ನೋಡಿಲ್ಲ. ಅಷ್ಟರಲ್ಲಿ ಶಾಲೆ ಬಿಡುತ್ತಿತ್ತು, ಇಲ್ಲವೇ ಕರೆಂಟು ಹೋಗುತ್ತಿತ್ತು. ಮರುದಿನ ಮತ್ತೆ ಗದ್ದೆಯಿಂದ.

"ಅವರಿಗೊಂದು ಫೋನ್ ಮಾಡ್ರಲ್ಲ" ಎಂದಳು ಸುಮಿತಾ.

"ನನ್ನ ಕಾಲು ಕೊಯ್ದ್ರು ಅಂದ್ರೂ ಬರಲಿಲ್ಲ ಅಕಿ. ಕೋತಿ ಸಲುವಾಗಿ ನಾ ಫೋನ್ ಮಾಡ್ಲೇನು?"

"ಕೋತಿ ಸಲುವಾಗಿನ ಮಾಡ್ರಿ. ಕಾಲಿನ ಸುದ್ದಿ ತಗೀಬ್ಯಾಡ್ರಿ."

ಜನವರಿ ೨೫

ಮಾಡುವುದಿಲ್ಲ.

ಜನವರಿ ೨೮

ಮಾಡಿದೆ. ಕೋತಿ ಸಲುವಾಗಿ ಮಾತ್ರ.

"ಯಾರು?" ಎಂದಳು.

"ನಾ. ದಾಕ್ಷಿ. ಆ ಪಲ್ಲಕ್ಕಿ ಆಟದಾಗ ಕೋತಿ ಸೇತುವಿ ಬರತಿತ್ತಲ್ಲ, ಅದನ್ನ ಹೆಂಗ ದಾಟೂದು?"

ಆ ಕಡೆಯಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಒಂದು ಶಬ್ದ. ನಗುತ್ತಿದ್ದಳು.

"ಏ ಹುಚ್ಚಿ, ಅದಿನ್ನೂ ಐತೇನು? ಸೇತುವಿ ನಡುವ ಬಂದ ಕೂಡ್ಲೆ ಇಬ್ರೂ ನಿಲ್ಲಬೇಕು. ಮುಂದಿನಾಂವ ಬಗ್ಗಬೇಕು, ಏಳಬೇಕು, ಮತ್ತ ಬಗ್ಗಬೇಕು. ಕೋತಿ ಅದನ್ನ ನೋಡಿ ತಾನೂ ಬಗ್ಗತೈತಿ. ಅದು ಬಗ್ಗಿದಾಗ... ಅದು ಬಾಯಾಗ ಹೇಳಾಕ ಬರೂದಿಲ್ಲ. ಅದು ಕೈಗೆ ಗೊತ್ತು."

"ಹಂಗಾರ ಬಾ. ಕೈ ತಗೊಂಡು ಬಾ."

"ನೋಡೂಣು ತಗೋ" ಎಂದು ಇಟ್ಟುಬಿಟ್ಟಳು. ಕಾಲು ಹೇಗಿದೆ ಎಂದು ಕೇಳಲೇ ಇಲ್ಲ. ನಾನೂ ಹೇಳಲಿಲ್ಲ.

ಸುಮಿತಾ ಹೇಳಿಕೊಟ್ಟಂತೆ ಬಗ್ಗಿ ಎದ್ದಳು. ಕೋತಿಗಳು ಅತ್ತೆಯನ್ನು ಎತ್ತಿ ಒಗೆದವು.

ಫೆಬ್ರವರಿ ೨

ಮಧ್ಯಾಹ್ನ ಆಟದ ಹೊತ್ತಿಗೆ ಗುರುಬಸಕ್ಕ ಬರಲಿಲ್ಲ. ಎಷ್ಟು ಕೂಗಿದರೂ ಕೇಳದು. ಹೋಗಿ ನೋಡಿದರೆ ಹಿತ್ತಲಿನಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತಿದ್ದಾಳೆ. "ನೀವಿಬ್ರೂ ಮುಂದ ಹೋಗೂದ ಇಲ್ಲ, ನಾ ಬಂದು ಏನ ನೋಡ್ಲಿ?" ಎಂದಳು. ಬೈದು ಕರೆದುಕೊಂಡು ಬಂದೆ.

ನಾವು ಬರುವಷ್ಟರಲ್ಲಿ ಉಮಾಶ್ರೀ ಬಂದು ನನ್ನ ಖಾಲಿ ಮಂಚದ ಮುಂದೆ ನಿಂತಿದ್ದಳು. ನನ್ನನ್ನು ಬಾಗಿಲಲ್ಲಿ ನೋಡಿ ಯಾಕೋ ಚಪ್ಪಾಳೆ ಹೊಡೆದಳು. ಈಗಿನ ಹುಡುಗಿಯರಿಗೆ ಯಾವುದಕ್ಕೆ ಖುಷಿಯಾಗುತ್ತದೆ ಎಂದು ಹೇಳುವುದು ಕಷ್ಟ.

ಫೆಬ್ರವರಿ ೬

ಶಂಕ್ರೆವ್ವ ಬಂದಳು.

ಅವಳನ್ನು ಕರೆತಂದ ಲೋಕೇಶನ ಜೀಪು ಬಾಗಿಲಿಗೆ ಬಂದಾಗ ನಾನು ಮಂಚದ ಮೇಲೆ ಬೇಕೆಂದೇ ಆಚೆ ತಿರುಗಿ ಕೂತೆ. ಅವಳು ಸೊರಗಿದ್ದಾಳೆ. ಸೀರೆಯ ಸೆರಗನ್ನು ಬಲಗೈ ಪೂರ್ತಿ ಮುಚ್ಚುವಂತೆ ಹೊದ್ದಿದ್ದಳು. ಸುಮಿತಾ ಚಹಾ ತಂದರೆ, "ಬ್ಯಾಡ, ಈಗ ಕುಡದೇನಿ" ಎಂದಳು. ನೀರು ಕೊಟ್ಟರೆ ಅದೂ ಬೇಡ. ನನಗೆ ಮೈ ಉರಿಯಿತು. ನಮ್ಮ ಮನೆಯ ನೀರೂ ಆಗದಷ್ಟು ದೊಡ್ಡವಳಾದಳೇ?

"ಹಳಿಯಾಳದ ನೀರ ಕುಡದ ಮ್ಯಾಲ ದಾಂಡೇಲಿ ನೀರ ಹೆಂಗ ರುಚಿಸ್ತೈತಿ" ಎಂದುಬಿಟ್ಟೆ.

ಶಂಕ್ರೆವ್ವ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಸರಿಸಿ ಬಲಗೈ ಹೊರಗೆ ತೆಗೆದಳು. ಕೈ ನಡುಗುತ್ತಿತ್ತು. ಚಳಿಗೆ ನಡುಗಿದಂತಲ್ಲ. ಆ ಕೈ ಅವಳದೇ ಅಲ್ಲ, ಬೇರೆ ಯಾರೋ ಅಲುಗಿಸುತ್ತಿದ್ದಾರೆ ಎಂಬಂತೆ. ಸುಮಿತಾಳ ತಾಟಿನಿಂದ ಕಪ್ಪು-ಬಸಿ ಎತ್ತಿದಳು. ಬಸಿಯೊಳಗೆ ಕಪ್ಪು ಟಕಟಕ ಬಡಿಯಿತು. ಅರ್ಧ ಚಹಾ ನೆಲಕ್ಕೆ ಬಿತ್ತು.

"ಪಾರ್ಕಿನ್ಸನ್ ಅಂತಾರ ಡಾಕ್ಟರು" ಎಂದಳು. "ನಾಕ ಮಂದ್ಯಾಗ ಚಾ ಕುಡಿಯೂದು ಬಿಟ್ಟೇನಿ. ಮದವಿ ಮುಂಜಿವಿಗೂ ಹೋಗೂದಿಲ್ಲ. ನಿನ್ನ ನೋಡಾಕ ದವಾಖಾನಿ ತನಕ ಬಂದಿದ್ದೆ ದಾಕ್ಷಿ. ಬಾಗಲದಾಗ ನಿಂತು, ನಿನ್ನ ಸುತ್ತ ಮಂದಿ ನೋಡಿ, ಹೊಳ್ಳಿ ಹೋದೆ."

ನನ್ನ ಬಾಯಿಂದ ಬಂದದ್ದು ಇದು: "ಬಂದಾಕಿ ಕಿತ್ತಳಿ ಹಣ್ಣರೆ ಇಟ್ಟು ಹೋಗಬಾರದಾಗಿತ್ತ?"

"ತಂದಿದ್ದೆ. ಬಸ್‌ಸ್ಟ್ಯಾಂಡಿನ್ಯಾಗ ಕುಂತು ನಾನ ತಿಂದೆ."

ಮೊದಲು ನಕ್ಕವಳು ಅವಳು. ಆಮೇಲೆ ಇಬ್ಬರೂ ಅತ್ತೆವು. ಏನೂ ಕೇಳಿಸದ ಗುರುಬಸಕ್ಕ ನಮ್ಮಿಬ್ಬರನ್ನೂ ನೋಡಿ, "ಯಾರು ಹೋದ್ರು?" ಎಂದಳು.

ಫೆಬ್ರವರಿ ೭

ಶಂಕ್ರೆವ್ವನನ್ನು ಇಟ್ಟುಕೊಂಡಿದ್ದೇನೆ. ಶಿವರಾತ್ರಿಗೆ ಮನೆಯಲ್ಲಿ ಪೂಜೆ ಇದೆ, ಅಷ್ಟರೊಳಗೆ ಕಳಿಸಿ ಎಂದು ಅವಳ ಮಗ ಫೋನಿನಲ್ಲಿ ಹೇಳಿದ.

ಇವತ್ತು ಆಡಿದೆವು. ಆಡಿದೆವು ಎನ್ನುವುದಕ್ಕಿಂತ ಬಿದ್ದೆವು. ಬಲಗೈ ಬೆರಳು ಗುಂಡಿಯ ಮೇಲೆ ಕೂತಲ್ಲಿ ಕೂರುವುದಿಲ್ಲ. ಒಂದು ಹೆಜ್ಜೆ ಇಡುವಲ್ಲಿ ನಾಲ್ಕು ಹೆಜ್ಜೆ. ಗದ್ದೆಯಲ್ಲೇ ಅತ್ತೆ ಮತ್ತೆ ಮತ್ತೆ ಕೆಸರಿಗೆ. ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ಸಾಕವಾ. ನೀವ ಆಡ್ರಿ, ನಾ ನೋಡ್ತೇನಿ" ಎಂದು ರಿಮೋಟು ಕೆಳಗಿಟ್ಟಳು. ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

ನಮ್ಮ ಯಜಮಾನರು ಅಡುಗೆಮನೆಯಿಂದ, "ರಿಮೋಟಿಂದ ತಪ್ಪು ಅದು, ನಂಗೂ ಹಂಗ ಆಗತಿತ್ತು" ಎಂದರು. ಮೊದಲ ಬಾರಿಗೆ ಅವರ ಮಾತು ಚಲೋ ಅನ್ನಿಸಿತು.

ಫೆಬ್ರವರಿ ೮

ಉಪಾಯ ಸುಮಿತಾಳದು. ಬೆಳಗ್ಗೆ ರೊಟ್ಟಿ ತಟ್ಟುತ್ತ ತಟ್ಟುತ್ತ ಹೊಳೆಯಿತಂತೆ. ರಿಮೋಟಿನ ಎಡಗಡೆ ದಿಕ್ಕಿನ ಗುಂಡಿ, ಬಲಗಡೆ ಹೆಜ್ಜೆಯ ಗುಂಡಿ. ಶಂಕ್ರೆವ್ವನ ಎಡಗೈ ಗಟ್ಟಿಯಾಗಿದೆ.

"ಮಾವಶಿ, ಎಡಗಡೆ ನೀವು ಹಿಡೀರಿ, ಬಲಗಡೆ ನಾ. ನೀವು 'ಈಗ' ಅನ್ರಿ, ನಾ ಒತ್ತತೇನಿ."

ಒಂದು ರಿಮೋಟಿಗೆ ಇಬ್ಬರು. ಭುಜಕ್ಕೆ ಭುಜ ಹಚ್ಚಿ ಕೂತರು. ಹಿಂದಿನ ಕುಳ್ಳ ನನ್ನದು. ಮೊದಲು ಬರೀ ಜಗಳ.

"ಈಗ ಅಂದೆ!"

"ಒತ್ತಿದ್ನಲ್ರಿ!"

"ನಾ ಅನ್ನೂಕಿಂತ ಮೊದಲ ಒತ್ತಿದಿ!"

"ರಾಬ್, ರಾಬ್, ರಾಬ್!"

ಗದ್ದೆ ದಾಟಿತು. ಶಂಕ್ರೆವ್ವ ಈಗ ಎನ್ನುವಾಗ ಒಂದೊಂದು ಸಲ ತಡವರಿಸುತ್ತಾಳೆ, ಮಾತೂ ಸ್ವಲ್ಪ ಎಳೆಯುತ್ತದೆ. ಅದಕ್ಕೆ ನಾನು ಪರದೆ ನೋಡುವುದು ಬಿಟ್ಟು ಅವಳ ತುಟಿ ನೋಡತೊಡಗಿದೆ. ತುಟಿ ಅಲುಗಿದ ಕೂಡಲೇ ಹೆಜ್ಜೆ. ಹಾಗೆ ಹೊಳೆಯೂ ದಾಟಿತು.

ಊಟಕ್ಕೆ ಕೂತಾಗ ಶಂಕ್ರೆವ್ವ, "ಇದೇನ, ಬದನಿಕಾಯಿಗೂ ಕೊಬ್ಬರಿ ಹಾಕೀರಿ?" ಎಂದಳು.

"ಕಾಯಿ ಹಾಕಿದ್ರನ ರುಚಿ. ನಿಂಗೇನ ತಿಳೀತೈತಿ, ತಿನ್ನು" ಎಂದೆ. ಇನ್ನೊಬ್ಬರ ಮನೆಗೆ ಬಂದು ಅಡುಗೆಗೆ ಹೆಸರಿಡುವುದೇ?

ಫೆಬ್ರವರಿ ೧೩

ದಾಟಿದೆವು! ಕೋತಿ ಸೇತುವೆ ದಾಟಿದೆವು!

ಶಂಕ್ರೆವ್ವ ಹೇಳಿದ್ದು ಸರಿ, ಅದು ಕೈಗೇ ಗೊತ್ತು. ಎಡಗೈಗೆ ಗೊತ್ತಿತ್ತು. ಬಗ್ಗಿದಳು, ಎದ್ದಳು, ಬಗ್ಗಿದಳು. ಕೋತಿಗಳೂ ಬಗ್ಗಿದವು. ಅವು ಏಳುವುದಕ್ಕೆ ಮೊದಲು "ಈಗ!" ಸುಮಿತಾ ಒತ್ತಿದಳು, ನಾನೂ ಒತ್ತಿದೆ. ಆಚೆ ದಡ! ನಾನು ಎದ್ದು ಕುಣಿದೆ. ಗುರುಬಸಕ್ಕ ನನ್ನ ಕೈ ಹಿಡಿದು ಒಂದು ಸುತ್ತು ಹಾಕಿದಳು. ನಮ್ಮ ಯಜಮಾನರು ಚಹಾದ ತಾಟು ಹಿಡಿದು ಬಾಗಿಲಲ್ಲಿ ಕಲ್ಲಾಗಿ ನಿಂತರು. "ಏ, ನಿನ್ನ ಕಾಲು!" ಎಂದರು. ಇವರಿಗೆ ಯಾವಾಗ ಏನು ಮಾತಾಡಬೇಕೆಂದು ತಿಳಿಯುವುದೇ ಇಲ್ಲ.

ಗುಡ್ಡದ ಮೊದಲ ಮೆಟ್ಟಿಲಲ್ಲೇ ಅತ್ತೆ ಉರುಳಿ ಬಿದ್ದಳು. ಚಿಂತೆಯಿಲ್ಲ.

ಫೆಬ್ರವರಿ ೧೭

ಗುಡ್ಡದ ಅರ್ಧ ಹತ್ತಿದ್ದೆವು. ಕರೆಂಟು ಹೋಯಿತು.

ಫೆಬ್ರವರಿ ೧೮

ಗುಡ್ಡದ ಅರ್ಧಕ್ಕಿಂತ ಮೇಲೆ ಹತ್ತಿದ್ದೆವು. ಕರೆಂಟು ಹೋಯಿತು. ಶಂಕ್ರೆವ್ವ ಕರೆಂಟಿನವರ ಏಳು ತಲೆಮಾರನ್ನು ಬೈದಳು. ಬೈಯುವಾಗ ಮಾತು ಒಂದಿಷ್ಟೂ ಎಳೆಯಲಿಲ್ಲ.

ಫೆಬ್ರವರಿ ೨೦

ಹಳೇ ಗುಟ್ಟು ಹೊರಬಿತ್ತು. ಲೋಕೇಶ ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದ. ಹೆಂಡತಿ, ಅವ್ವ, ಇಬ್ಬರು ಹಿರಿಯರು ಟಿವಿ ಮುಂದೆ ಕೂತು "ರಾಬ್!" ಎಂದು ಕಿರಚುತ್ತಿರುವುದನ್ನು ನೋಡಿದ.

"ಇದು ಬೋರ್ ಆಟ ಅಲ್ಲೇನ್ರಿ?" ಎಂದ.

"ನಿಮ್ಮವ್ವಂದಿರು ನೀ ಐದನೇ ಇಯತ್ತೇದಾಗ ಇದ್ದಾಗಿಂದ ಆಡಾಕತ್ತಾರ" ಎಂದಳು ಗುರುಬಸಕ್ಕ.

ಲೋಕೇಶ ಹೊಸ್ತಿಲ ಮೇಲೆ ಕೂತುಬಿಟ್ಟ. "ಅಂದ್ರ, ನಾ ಸಾಲಿಂದ ಬಂದಾಗ ಅಡಾಪ್ಟರ್ ಯಾಕ ಬಿಸಿ ಇರತಿತ್ತು ಅಂತ... ನಾ ದೆವ್ವ ಅಂತ ತಿಳದಿದ್ದೆ ಅವ್ವಾ!"

"ದೆವ್ವ ಅಲ್ಲ, ನಿಮ್ಮ ತಾಯಿ" ಎಂದರು ನಮ್ಮ ಯಜಮಾನರು. ಇವರಿಗೂ ಅದು ಈಗಲೇ ಗೊತ್ತಾಗಿದ್ದು. ಆದರೆ ಮೊದಲೇ ತಿಳಿದಿದ್ದವರಂತೆ ತಲೆ ಅಲ್ಲಾಡಿಸಿದರು.

ಫೆಬ್ರವರಿ ೨೩

ನಾಳೆ ಶಂಕ್ರೆವ್ವ ಹೋಗುತ್ತಾಳೆ. ಇವತ್ತು ಆಗದಿದ್ದರೆ ಇಲ್ಲ.

ಲೋಕೇಶ ಜೀಪು ನಿಲ್ಲಿಸಿ, ಅದರ ಬ್ಯಾಟರಿಯಿಂದ ಕರೆಂಟು ಎಳೆಯುವ ಒಂದು ಪೆಟ್ಟಿಗೆ ತಂದು ಟಿವಿಗೆ ಹಚ್ಚಿದ. ಇವರು ಅಂಗಳದಲ್ಲಿ ಜೀಪಿನ ಕಾವಲಿಗೆ ನಿಂತರು. ಬಾಯ್ಲರ್ ನೋಡಿಕೊಂಡವರಿಗೆ ಮತ್ತೆ ಒಂದು ಡ್ಯೂಟಿ ಸಿಕ್ಕಂತಾಯಿತು. ಗುರುಬಸಕ್ಕ ಕ್ಯಾಸೆಟ್ಟನ್ನು ಊದಿ, ಒಂದಿಷ್ಟು ವಿಭೂತಿಯನ್ನೂ ಹಚ್ಚಿದಳು.

ಗದ್ದೆ, ಹೊಳೆ, ಸಂತೆ, ಕೋತಿ, ಎಲ್ಲ ಆಯಿತು. ಗುಡ್ಡ. ಮೆಟ್ಟಿಲು ಹತ್ತಿದಂತೆ ಹಿಮ ಬೀಳತೊಡಗಿತು. ಕುಳ್ಳರ ಕಾಲು ಜಾರುತ್ತದೆ. ಕೊನೆಯ ಮೆಟ್ಟಿಲುಗಳಲ್ಲಿ ಶಂಕ್ರೆವ್ವನ ದನಿ ನಿಂತುಹೋಯಿತು. ಈಗ ಎನ್ನಲು ಬಾಯಿ ತೆರೆದಿದ್ದಾಳೆ, ಮಾತು ಬರುತ್ತಿಲ್ಲ. ಪಲ್ಲಕ್ಕಿ ಓಲಾಡಿತು. ಸುಮಿತಾ ಗಾಬರಿಯಾಗಿ ನನ್ನ ಕಡೆ ನೋಡಿದಳು.

"ರಾಬ್" ಎಂದೆ ನಾನು. "ಅಕಿ ಅನ್ನೂ ತನಕ ನಿಂದ್ರೂಣು."

ನಿಂತೆವು. ಹಿಮ ಬೀಳುತ್ತಲೇ ಇತ್ತು. ಪಲ್ಲಕ್ಕಿಯೊಳಗಿನ ಅತ್ತೆ ಹೊರಗೆ ತಲೆ ಹಾಕಿ ಮುಷ್ಟಿ ತೋರಿಸಿದಳು. "ತಡೀಬೇ, ನಿಂದೊಂದು!" ಎಂದು ಗುರುಬಸಕ್ಕ ಅವಳನ್ನು ಗದರಿದಳು. ನಾವು ಯಾರೂ ಅಲುಗಲಿಲ್ಲ. ಆಮೇಲೆ ಶಂಕ್ರೆವ್ವನ ತುಟಿ ಕೂಡಿತು.

"ಈಗ."

ಒಂದು ಹೆಜ್ಜೆ. "ಈಗ." ಇನ್ನೊಂದು.

ಗುಡ್ಡದ ಮೇಲೆ ಒಂದು ಪುಟ್ಟ ಮನೆ. ಕಿಟಕಿಯಲ್ಲಿ ದೀಪ. ಪಲ್ಲಕ್ಕಿ ಇಳಿಯಿತು. ಅತ್ತೆ ಹೊರಗೆ ಬಂದು ಮೈ ಮುರಿದಳು. ಬಾಗಿಲು ತೆರೆಯಿತು, ಒಳಗಿನಿಂದ ಯಾರೂ ಬರಲಿಲ್ಲ. ಅತ್ತೆ ಒಳಗೆ ಹೋಗಿ ಮೂರು ಬಟ್ಟಲು ತಂದಳು. ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಏನೋ ಬಿಸಿಬಿಸಿ ಕುಡಿದರು. ಬಟ್ಟಲಿನಿಂದ ಹೊಗೆ ಏಳುತ್ತಿತ್ತು. ಕೊಳಲಿನ ಸಂಗೀತ ಬಂತು. ಅಷ್ಟೇ.

"ಇಷ್ಟನ?" ಎಂದ ಲೋಕೇಶ.

"ಮತ್ತೇನ ಬೇಕಾಗಿತ್ತ?" ಎಂದಳು ಶಂಕ್ರೆವ್ವ. ಕಣ್ಣು ಒರೆಸಿಕೊಳ್ಳಲು ಅವಳು ಎತ್ತಿದ್ದು ಬಲಗೈ. ನಡುಗುವ ಕೈ ಮೂಗಿಗೆ ಬಡಿಯಿತು. ಅದಕ್ಕೆ ಮತ್ತೆ ಎಲ್ಲರೂ ನಕ್ಕೆವು.

ಫೆಬ್ರವರಿ ೨೮

ಮನೆ ಭಣಭಣ ಎನ್ನುತ್ತಿದೆ. ಸುಮಿತಾ ರೆಸಾರ್ಟಿನ ಕೆಲಸಕ್ಕೆ ಹೋಗತೊಡಗಿದ್ದಾಳೆ. ಗುರುಬಸಕ್ಕ ಟಿವಿಯನ್ನು ಒಯ್ಯಲಿಲ್ಲ, ಭರಣಿಯನ್ನು ಒಯ್ದಳು.

ಉಮಾಶ್ರೀ ಇನ್ನು ಬರುವುದಿಲ್ಲವಂತೆ, ನನಗೆ ಅವಳ ಅಗತ್ಯವಿಲ್ಲವಂತೆ. ಹೋಗುವಾಗ ವಹಿ ಕೇಳಿದಳು. ಇಲಿ ತಿಂದಿತು ಎಂದೆ.

ಮಾರ್ಚ್ ೫, ಹಳಿಯಾಳ

ನಿನ್ನೆ ಬೆಳಗ್ಗೆ ಆಟದ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಬಂದೆ. ಬಸ್ಸು ತುಂಬಿ ತುಳುಕುತ್ತಿತ್ತು. ಅರ್ಧ ದಾರಿ ನಿಂತೇ ಬಂದೆ. ಕಂಡಕ್ಟರ್ ಆಧಾರ್ ಕಾರ್ಡು ಕೇಳಿದರೆ ನಾನು ಕ್ಯಾಸೆಟ್ಟು ತೆಗೆದು ಕೊಟ್ಟುಬಿಟ್ಟೆ. ಹಿಂದಿನ ಸೀಟಿನವರೆಲ್ಲ ನಕ್ಕರು.

ಶಂಕ್ರೆವ್ವನ ಮಗ ತನ್ನ ಗೆಳೆಯರ ಅಂಗಡಿಯಿಂದ ಹಳೇ ಟಿವಿಯೊಂದನ್ನು ತಂದಿಟ್ಟಿದ್ದ. ಓಣಿಯ ಹೆಂಗಸರು ಮಧ್ಯಾಹ್ನ ಪಡಸಾಲೆಯ ತುಂಬ. ಶಂಕ್ರೆವ್ವ ನಡುಗುವ ಕೈಯಿಂದಲೇ ಪರದೆ ತೋರಿಸಿ, "ಅಲ್ಲಿ ನೋಡ್ರಿ, ಅಕಿ ಅತ್ತಿ. ಅಕಿ ಬಿದ್ರ ನಾವು ಬಿದ್ವಿ ಅಂತ ತಿಳೀರಿ" ಎಂದು ಪಾಠ ಮಾಡುತ್ತಿದ್ದಳು. ಹಿಂದಿನ ಕುಳ್ಳನನ್ನು ಓಣಿಯ ಒಬ್ಬಾಕೆಗೆ ಕೊಟ್ಟು, ಶಂಕ್ರೆವ್ವನ ರಿಮೋಟಿನ ಬಲಗಡೆ ಒತ್ತಲು ನಾನೇ ಕೂತೆ. ಆದರೆ ನನಗೆ ಸುಮಿತಾಳಷ್ಟು ಬರುವುದಿಲ್ಲ. "ನಿನ್ನ ಸೊಸಿ ಇದ್ದಿದ್ರ" ಎಂದು ಶಂಕ್ರೆವ್ವ ಮಾತು ಮಾತಿಗೂ ಅಂದಳು.

ಇವತ್ತು ಬೆಳಗ್ಗೆ ಸುಮಿತಾಳ ಫೋನು ಬಂತು.

"ಅತ್ತಿ, ಡಬ್ಬಿ ತಗೊಂಡು ಹೋಗೀರಿ. ಇಲ್ಲಿ ನಾ ಏನ ಮಾಡ್ಲಿ?"

"ಮತ್ತ, ನೀನೂ ಬಾ."

"ಬಂದೆ ಅಂತನ ತಿಳೀರಿ. ಎರಡು ದಿನ ರಜಾ ಐತಿ. ಗುರುಬಸಕ್ಕನೂ ಹೊಂಟು ನಿಂತಾಳ."

ಶಂಕ್ರೆವ್ವ ಪಕ್ಕದಲ್ಲಿ ನಿಂತು, "ಕೊಬ್ಬರಿ ತಗೊಂಡು ಬಾ ಅನ್ನು!" ಎಂದು ಕೂಗಿದಳು.

ಫೋನಿಟ್ಟ ಮೇಲೆ ನೆನಪಾಯಿತು, ಮನೆಯಲ್ಲಿ ಗಂಡಸರಿಬ್ಬರಿಗೆ ಅಡುಗೆ ಯಾರು ಮಾಡುತ್ತಾರೆಂದು ಕೇಳಬೇಕಿತ್ತು. ಮರೆತೇಬಿಟ್ಟೆ.